ಚುರ ಹತ್ತುವ ಸೈಕಲಿಗೆ ದಾರಿ ಹೇಳುವವರು ಯಾರು?

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ವಯನಾಡಿನ ಕಲ್ಪೆಟ್ಟದಲ್ಲಿ ಕೆಲಸ. ನಲವತ್ತು ದಾಟಿದ ಮೇಲೆ ಡಾಕ್ಟರರು ಹೆದರಿಸಿದ್ದಕ್ಕೆ ಸೈಕಲ್ ಕೊಂಡವ. ಈಗ ಭಾನುವಾರ ಬಂದರೆ ವೈತ್ತಿರಿ, ಲಕ್ಕಿಡಿ ಅಂತ ತಿರುಗುತ್ತಾನೆ. ಸಂಗಡ ನಾಲ್ಕಾರು ಜನ ಇದ್ದಾರಂತೆ, ಎಲ್ಲರೂ ಹೆಚ್ಚುಕಡಿಮೆ ಅದೇ ಪ್ರಾಯದವರು. ಅವನ ಪ್ರಶ್ನೆ ಬಹಳ ಸರಳ: "ಮಾಷ್ಟ್ರೆ, ಸೈಕಲಿನವರು ರಸ್ತೆಯಲ್ಲಿ ಹೇಗೆ ಹೋಗಬೇಕು ಅಂತ ಹೇಳುವ ಸರಕಾರಿ ಪುಸ್ತಕ ಏನಾದರೂ ಉಂಟಾ? ಒಂದು ಆಫೀಸಿನಲ್ಲಿ ಕೇಳಿದೆ, ನಗಾಡಿ ಕಳಿಸಿದರು."

ನಾನೂ ನಗಾಡಿದೆ, ಸುಳ್ಳು ಹೇಳುವುದಿಲ್ಲ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಮಕ್ಕಳಿಗೆ ನಾವು ಜೀಬ್ರಾ ಗೆರೆ, ಕೆಂಪು ದೀಪ, ಹಸಿರು ದೀಪ ಎಲ್ಲ ಕಲಿಸುತ್ತೇವೆ. ಕೇರಳದಲ್ಲಿ 2010ರಿಂದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯೂ ಇದೆ. ಕಾರು, ಬೈಕು ಕಲಿಯುವವರು ಪರೀಕ್ಷೆ ಬರೆಯುತ್ತಾರೆ. ಆದರೆ ಶಾಲೆ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಸೈಕಲ್ ಹತ್ತುವ ದೊಡ್ಡವನಿಗೆ ಯಾರು ಹೇಳುತ್ತಾರೆ? ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ನನಗೇ ಆಶ್ಚರ್ಯ ತಂದಿತು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ಆ ಜಾಗದ ಬಗ್ಗೆ ಸ್ವಲ್ಪ. ತಾಮರಶ್ಶೇರಿ ಚುರ ಗೊತ್ತಲ್ಲ? ಚುರ ಅಂದರೆ ಘಾಟಿ. ಕೋಝಿಕ್ಕೋಡು ಕಡೆಯ ಅಡಿವಾರದಿಂದ ಮೇಲೆ ಲಕ್ಕಿಡಿಗೆ ಸುಮಾರು 12 ಕಿಲೋಮೀಟರ್, ಒಂಬತ್ತು ಹೇರ್‌ಪಿನ್ ತಿರುವು. ಲಕ್ಕಿಡಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ಮಳೆ, ಮಂಜು ಎರಡೂ ಜೋರು. ಇದೇ ರಸ್ತೆ ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಮುತ್ತಂಗ ದಾಟಿ ನಮ್ಮ ಗುಂಡ್ಲುಪೇಟೆಯ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಮೊದಲು ರಾಷ್ಟ್ರೀಯ ಹೆದ್ದಾರಿ 212, ಈಗ 766. ಮಲಬಾರಿಗೂ ಮೈಸೂರಿಗೂ ಇದ್ದ ಹಳೆಯ ನಂಟಿನ ದಾರಿ ಇದು. ಪನಮರದ ಹತ್ತಿರ ಪುತ್ತಂಗಾಡಿಯಲ್ಲಿ ಪಾಳುಬಿದ್ದ ಕಲ್ಲಿನ ಗುಡಿಗಳನ್ನು ನೋಡಿದವರಿಗೆ ಆ ನಂಟನ್ನು ಬೇರೆ ವಿವರಿಸಬೇಕಾಗಿಲ್ಲ.

ಲಕ್ಕಿಡಿಯಲ್ಲಿ ಸಂಕೋಲೆ ಬಿಗಿದ ಮರವೊಂದಿದೆ. ಅದರ ಹಿಂದಿನ ಐತಿಹ್ಯ ವಯನಾಡಿನಲ್ಲಿ ಮಕ್ಕಳಿಗೂ ಗೊತ್ತು. ಬೆಟ್ಟ ಹತ್ತುವ ದಾರಿ ಇಂಗ್ಲಿಷ್ ಎಂಜಿನಿಯರನಿಗೆ ಸಿಗಲಿಲ್ಲ. ತೋರಿಸಿಕೊಟ್ಟವನು ಪಣಿಯ ಬುಡಕಟ್ಟಿನ ಕರಿಂತಂಡನ್. ದಾರಿ ಕಂಡುಹಿಡಿದ ಹೆಸರು ತನಗೇ ಬರಲಿ ಅಂತ ಎಂಜಿನಿಯರ್ ಅವನನ್ನು ಕೊಂದ. ಆಮೇಲೆ ಅವನ ಆತ್ಮ ಅಲ್ಲಿ ಗಾಡಿಗಳನ್ನು ಉರುಳಿಸತೊಡಗಿತು, ಕೊನೆಗೆ ಮಂತ್ರವಾದಿಯೊಬ್ಬ ಅದನ್ನು ಮರಕ್ಕೆ ಬಿಗಿದ. ಇದಕ್ಕೆ ದಾಖಲೆ ಕೇಳಬೇಡಿ, ಐತಿಹ್ಯಕ್ಕೆ ದಾಖಲೆ ಇರುವುದಿಲ್ಲ. ಆದರೆ ಆ ಮರದ ಕೆಳಗೆ ನಿಂತಾಗಲೆಲ್ಲ ನನಗೆ ಅನಿಸುವುದು ಒಂದೇ: ದಾರಿ ಹೇಳಿದವನ ಹೆಸರು ರಸ್ತೆಯ ಕಡತದಲ್ಲಿ ಉಳಿಯುವುದಿಲ್ಲ.

ಸೈಕಲಿನವರ ಕತೆಯೂ ಹಾಗೆಯೇ ಆಗಿದೆ. ಅದಕ್ಕೆ ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರಬೇಕು, ಬೇಸರ ಮಾಡಬೇಡಿ.

1878ರಲ್ಲಿ ಹ್ಯಾರೋಗೇಟ್ ಎಂಬ ಊರಿನಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿತು. 1883ರಲ್ಲಿ ಅದರ ಹೆಸರು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದಾಯಿತು. ಆಗಿನ ಸೈಕಲ್ ಅಂದರೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. ಊರಿನವನಿಗೆ ತನ್ನ ಗುಡ್ಡ ಗೊತ್ತಿರುತ್ತದೆ, ಪರಊರಿನಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಸೈಕಲ್ ಸಂಘಗಳು ತಮ್ಮದೇ ದುಡ್ಡಿನಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಫಲಕ ನೆಟ್ಟವು. ಈ ಇಳಿಜಾರು ಅಪಾಯ, ಸೈಕಲಿನವರು ಹುಷಾರು ಎನ್ನುವ ಅರ್ಥದ ಫಲಕಗಳು. ಅದಕ್ಕೂ ಮುಂಚೆ ರಸ್ತೆ ಬದಿ ಇದ್ದದ್ದು ಮೈಲಿಗಲ್ಲು ಮತ್ತು ಊರಿನ ಹೆಸರು ಹೇಳುವ ಕೈಕಂಬ. ಮುಂದೆ ಅಪಾಯ ಇದೆ ಅಂತ ಹೇಳುವ ಫಲಕವನ್ನು ರೂಢಿಗೆ ತಂದವರು ಬಹುಮಟ್ಟಿಗೆ ಸೈಕಲಿನವರೇ. ಇಟಲಿಯಲ್ಲಿ 1894ರಲ್ಲಿ ಸೈಕಲ್ ಸವಾರರು ಕಟ್ಟಿದ ಟೂರಿಂಗ್ ಕ್ಲಬ್ಬು ಕೂಡ ಇದೇ ಕೆಲಸ ಮಾಡಿತು. ಕಾರು ಬಂದದ್ದು ಆಮೇಲೆ. 1909ರಲ್ಲಿ ಪ್ಯಾರಿಸಿನಲ್ಲಿ ಹಲವು ದೇಶಗಳು ಸೇರಿ ನಾಲ್ಕು ಚಿಹ್ನೆಗಳನ್ನು ಒಪ್ಪಿಕೊಂಡವು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಆ ಹೊತ್ತಿಗೆ ಫಲಕ ಮೋಟಾರಿನವರದ್ದಾಗಿತ್ತು.

ಅಂದರೆ ಚುರದ ಪ್ರತಿ ತಿರುವಿನಲ್ಲಿ ನಿಂತಿರುವ ಆ ಬಾಗಿದ ಬಾಣದ ಫಲಕ ಇದೆಯಲ್ಲ, ಅದರ ಮುತ್ತಜ್ಜ ಸೈಕಲಿನವರು ನೆಟ್ಟ ಬೋರ್ಡು! ಇವತ್ತು ಅದೇ ಚುರದಲ್ಲಿ, ನಾನು ಕಂಡಷ್ಟು ಮಟ್ಟಿಗೆ, ಸೈಕಲಿನವನಿಗಾಗಿ ಒಂದು ಸಾಲೂ ಇಲ್ಲ.

ಆ ಸಂಘದವರು ಫಲಕ ನೆಟ್ಟು ಸುಮ್ಮನಾಗಲಿಲ್ಲ. ಸೈಕಲ್ ರಸ್ತೆಯ ಮೇಲೆ ಇರಬಹುದೋ ಬೇಡವೋ ಎನ್ನುವುದೇ ಆಗ ತಕರಾರು. ಸ್ಥಳೀಯ ಆಡಳಿತಗಳು ಊರಿಗೊಂದು ನಿಯಮ ಮಾಡುತ್ತಿದ್ದವು. ಸರಕಾರದ ಬೆನ್ನು ಹತ್ತಿ, 1888ರ ಸ್ಥಳೀಯಾಡಳಿತ ಕಾಯ್ದೆಯಲ್ಲಿ ಸೈಕಲ್ ಕೂಡ ಒಂದು ಗಾಡಿ ಎಂದು ಬರೆಸಿಕೊಂಡರು. ಆದರೆ ಹಕ್ಕು ಕೈಬೀಸಿಕೊಂಡು ಬರಲಿಲ್ಲ. ರಾತ್ರಿ ದೀಪ ಇರಬೇಕು, ಯಾರನ್ನಾದರೂ ದಾಟುವಾಗ ಗಂಟೆ ಬಾರಿಸಬೇಕು ಎನ್ನುವ ಕಟ್ಟಳೆಯೂ ಅದೇ ಕಲಮಿನಲ್ಲಿ ಬಂತು. 1931ರಲ್ಲಿ ಅಲ್ಲಿ ಹೈವೇ ಕೋಡ್ ಎಂಬ ಪುಸ್ತಿಕೆ ಬಂತು, ಬೆಲೆ ಒಂದು ಪೆನ್ನಿ. ಅದರಲ್ಲಿ ಕಾರಿನವರಿಗೆ ಮಾತ್ರವಲ್ಲ, ಸೈಕಲಿನವರಿಗೂ ನಡೆಯುವವರಿಗೂ ಮಾತಿದೆ. ನನ್ನ ವಿದ್ಯಾರ್ಥಿ ಕೇಳಿದ್ದು ಇಂಥದ್ದನ್ನೇ, ನೋಡಿ.

ನಮ್ಮಲ್ಲಿ ಏನಾಯಿತು? ನಮ್ಮಲ್ಲಿ ದೀಪ, ಗಂಟೆ ಎರಡೂ ಬಂದವು, ಪುಸ್ತಿಕೆ ಬರಲಿಲ್ಲ.

ವಯನಾಡು ಆಗ ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಯ ಒಂದು ತಾಲೂಕು. ಪ್ರತ್ಯೇಕ ಜಿಲ್ಲೆ ಆದದ್ದು 1980ರ ನವೆಂಬರ್ 1ಕ್ಕೆ. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡದೊಳಗೆ, ಅದೂ ಮದ್ರಾಸೇ. ಹಾಗಾಗಿ ಎರಡು ಕಡೆಗೂ ಪದ್ಧತಿ ಒಂದೇ ತರಹ. ಊರಾಡಳಿತಗಳು ಗಾಡಿಗಳ ಮೇಲೆ ತೆರಿಗೆ ಹಾಕುತ್ತಿದ್ದವು, ಸೈಕಲೂ ಆ ಲೆಕ್ಕಕ್ಕೆ ಬಂತು. ತೆರಿಗೆ ಕಟ್ಟಿದರೆ ಒಂದು ತಗಡಿನ ಬಿಲ್ಲೆ. ಅದನ್ನು ಹ್ಯಾಂಡಲಿಗೋ ಹಿಂದಿನ ಮಡ್‌ಗಾರ್ಡಿಗೋ ಕಟ್ಟಿಕೊಳ್ಳಬೇಕಿತ್ತು. ಅರುವತ್ತು ದಾಟಿದವರನ್ನು ಕೇಳಿ, ಬಿಲ್ಲೆಯ ಕತೆ, ರಾತ್ರಿ ಲೈಟಿಲ್ಲದೆ ಹೋಗಿ ಸಿಕ್ಕಿಬಿದ್ದ ಕತೆ, ಡಬಲ್ ರೈಡಿಗೆ ಪೊಲೀಸರು ಚಕ್ರದ ಗಾಳಿ ತೆಗೆದ ಕತೆ ಒಂದಾದರೂ ಹೇಳುತ್ತಾರೆ. ನಮ್ಮ ಅಪ್ಪನ ಸೈಕಲಿಗೆ ಡೈನಮೋ ಇತ್ತು. ಏರು ಬಂದರೆ ಡೈನಮೋ ತೆಗೆದು ಕತ್ತಲೆಯಲ್ಲಿ ಹತ್ತುವುದು, ಪೊಲೀಸ್ ಕಂಡರೆ ಇಳಿದು ತಳ್ಳುವುದು! ಕಾನೂನು ಗೊತ್ತಿದ್ದದ್ದು ಅಷ್ಟೇ.

ತಪ್ಪು ಮಾಡಿದಾಗ ಮಾತ್ರ ನಿಯಮ ತಿಳಿಯುವ ವಿದ್ಯಾಭ್ಯಾಸ ಇದು. ಆದರೂ ಒಂದು ಗುಣ ಇತ್ತು, ಆಡಳಿತದ ಪುಸ್ತಕದಲ್ಲಿ ಸೈಕಲಿನವನಿಗೆ ಒಂದು ಸಾಲು ಇತ್ತು. ತೆರಿಗೆ, ಬಿಲ್ಲೆ ಎಲ್ಲ ನಿಂತುಹೋದಾಗ ಜನ ಖುಷಿಪಟ್ಟರು, ಸರಿಯೇ. ಆದರೆ ಆ ಸಾಲೂ ಅದರ ಜೊತೆಗೇ ಅಳಿಸಿಹೋಯಿತು. 1988ರ ಮೋಟಾರು ವಾಹನ ಕಾಯ್ದೆ ಹೆಸರೇ ಹೇಳುವ ಹಾಗೆ ಯಂತ್ರದಿಂದ ಓಡುವ ವಾಹನಗಳಿಗೆ. ಅದರಡಿ ಬಂದ 1989ರ ರಸ್ತೆ ನಿಯಮಗಳೂ, ಅವನ್ನು ಬದಲಿಸಿದ 2017ರ ನಿಯಮಗಳೂ ಮುಖ್ಯವಾಗಿ ಮಾತಾಡುವುದು ಮೋಟಾರು ಚಾಲಕನ ಜೊತೆ. ತಮಾಷೆ ಏನೆಂದರೆ ಶಿಕ್ಷೆಯ ಕಲಂ ಮಾತ್ರ ಸೈಕಲಿನವನಿಗೂ ಇದೆ. ಹಳೆ ದಂಡಸಂಹಿತೆಯ 279, ಈಗಿನ ಭಾರತೀಯ ನ್ಯಾಯ ಸಂಹಿತೆಯ 281: ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಅಜಾಗರೂಕತೆಯಿಂದ ನಡೆಸಿದವನು ತಪ್ಪಿತಸ್ಥ. ಯಾವುದೇ ಅಂದರೆ ಸೈಕಲೂ ಬಂತಲ್ಲ.

ಸೈಕಲಿನವನಿಗೆ ಉಪಯೋಗವಾಗುವ ಮಾತು ಆ ನಿಯಮಗಳಲ್ಲಿ ಇಲ್ಲವೇ ಇಲ್ಲ ಅಂತಲ್ಲ. 1989ರ ನಿಯಮಗಳಲ್ಲಿ ಒಂದು ನನಗೆ ಬಹಳ ಇಷ್ಟವಾಯಿತು. ಬೆಟ್ಟದ ರಸ್ತೆ ಇಬ್ಬರಿಗೆ ಸಾಲದಷ್ಟು ಅಗಲವಿದ್ದರೆ ಕೆಳಗಿಳಿಯುವ ಮೋಟಾರು ವಾಹನ ಮೇಲೆ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಚುರದಲ್ಲಿ ಏದುಸಿರು ಬಿಡುತ್ತಾ ಏರುವ ಸೈಕಲಿಗೂ ಈ ಮರ್ಯಾದೆ ಸಲ್ಲಬೇಕಲ್ಲವೇ? ಅದನ್ನು ಸೈಕಲಿನವನಿಗೂ ಯಾರೂ ಹೇಳಿಲ್ಲ, ಮೇಲಿಂದ ಇಳಿಯುವ ಟೂರಿಸ್ಟ್ ಕಾರಿನವನಿಗೂ ನೆನಪಿಲ್ಲ.

ಇನ್ನು ಮುತ್ತಂಗದ ಕಡೆ ಬನ್ನಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಎಲ್ಲರಿಗೂ ಗೊತ್ತು. 2009ರ ಜೂನ್ 3ಕ್ಕೆ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧಿಸಿದರು, ವಾರದೊಳಗೆ ಒತ್ತಡ ಬಂದು ಹಿಂತೆಗೆದುಕೊಂಡರು. ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಹೋಗಿ 2010ರ ಮಾರ್ಚಿನಲ್ಲಿ ನಿಷೇಧ ಗಟ್ಟಿಯಾಯಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಇದರ ವಿರುದ್ಧ ಉಪವಾಸ, ಮೆರವಣಿಗೆ ಎಲ್ಲ ನಡೆದದ್ದು ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ಇಷ್ಟೆಲ್ಲ ವಾದದಲ್ಲಿ ಲಾರಿ ಬಂತು, ಬಸ್ಸು ಬಂತು, ತರಕಾರಿ ಬಂತು, ಆನೆ ಬಂತು, ಸೈಕಲ್ ಬರಲಿಲ್ಲ. ನಿಷೇಧಕ್ಕೆ ಆಧಾರವಾದ ಕಾಯ್ದೆಯ 115ನೇ ಕಲಮಿನಲ್ಲಿರುವುದು ಮೋಟಾರು ವಾಹನ ಎಂಬ ಮಾತು. ಹಾಗಾದರೆ ಸೈಕಲಿನವನು ರಾತ್ರಿ ಹೋಗಬಹುದೇ? ದಯವಿಟ್ಟು ಹೋಗಬೇಡಿ, ಆನೆ ಕಲಂ ಓದುವುದಿಲ್ಲ! ಕಾಡಿಗೆ ಅರಣ್ಯದ ಕಾನೂನು ಬೇರೆಯೇ ಇದೆ. ನಾನು ಹೇಳಿದ್ದು ಇಷ್ಟೇ: ಆ 20 ಕಿಲೋಮೀಟರ್ ಕಾಡು ದಾಟಲು ಕಾರಿಗೆ ಅರ್ಧ ಗಂಟೆ ಸಾಕು, ಸೈಕಲಿಗೆ ಒಂದೂವರೆ ಗಂಟೆ ಬೇಕು. ಗೇಟಿನ ಸಮಯ ಕಾರಿನ ಲೆಕ್ಕದ್ದು. ಸೈಕಲಿನವನು ಎಷ್ಟು ಗಂಟೆಗೆ ಹೊರಡಬೇಕು, ಹಗಲಲ್ಲಾದರೂ ಅವನನ್ನು ಬಿಡುತ್ತಾರೋ ಇಲ್ಲವೋ, ಆನೆ ಅಡ್ಡ ಬಂದರೆ ಗಾಜು ಏರಿಸಿಕೊಳ್ಳಲು ಕಿಟಕಿಯೇ ಇಲ್ಲದವನು ಏನು ಮಾಡಬೇಕು? ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಬರುವವನಿಗೆ ಇದು ಕನ್ನಡದಲ್ಲಿ ಬೇಕು. ಕೋಝಿಕ್ಕೋಡಿನಿಂದ ಹತ್ತಿ ಬರುವವನಿಗೆ ಮಲಯಾಳದಲ್ಲಿ ಬೇಕು.

ಬರುವವರು ಇದ್ದಾರಾ ಅಂತ ಕೇಳಬಹುದು. ಇದ್ದಾರೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆ ಕೆಲವು ವರ್ಷ ಸುಲ್ತಾನ್ ಬತ್ತೇರಿಯ ಮೇಲೂ ಹಾದುಹೋಗಿದೆ. ಮಾನಂತವಾಡಿಯ ಪ್ರಿಯದರ್ಶಿನಿ ಚಹಾ ತೋಟದಲ್ಲಿ ಗುಡ್ಡಗಾಡು ಸೈಕಲ್ ಪಂದ್ಯಗಳೂ ನಡೆದಿವೆ. ಅವರಿಗೆಲ್ಲ ಸಂಘಟಕರಿರುತ್ತಾರೆ, ಹಿಂದೆ ಒಂದು ವ್ಯಾನಿರುತ್ತದೆ. ನನಗೆ ಚಿಂತೆ ಬೆಳಗಾತ ಹಾಲು, ಪೇಪರ್, ಮೀನು ಹೇರಿಕೊಂಡು ಹೋಗುವವನದ್ದು, ಮತ್ತೆ ನನ್ನ ವಿದ್ಯಾರ್ಥಿಯಂಥ ನಡುಪ್ರಾಯದ ಹೊಸಬರದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅದರಲ್ಲಿ ಸೈಕಲಿನವರು ನಾಲ್ಕು ಸಾವಿರಕ್ಕೂ ಮೇಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕತ್ತಲೆಯಲ್ಲಿ ಒಂದು ಕಿಟಕಿ ತೆರೆದದ್ದು ವಯನಾಡಿನಿಂದ ಬಹಳ ದೂರವಿಲ್ಲದ ಕೊಯಮತ್ತೂರಿನವರು. ಗಂಗಾ ಆಸ್ಪತ್ರೆಯ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್. ದಿನಾ ಮುರಿದ ಕೈಕಾಲು ನೋಡಿ ನೋಡಿ ಸಾಕಾಗಿ ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರಲ್ಲಿ ಕೋರ್ಟು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ 138ನೇ ಕಲಮಿಗೆ ಒಂದು ಉಪಕಲಂ ಸೇರಿತು. ಯಂತ್ರವಿಲ್ಲದ ವಾಹನಗಳು ಮತ್ತು ಪಾದಚಾರಿಗಳ ಚಟುವಟಿಕೆ ಹಾಗೂ ಪ್ರವೇಶದ ಬಗ್ಗೆ ರಾಜ್ಯ ಸರಕಾರಗಳು ನಿಯಮ ಮಾಡಬಹುದು, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಿ ಮಾಡಬೇಕು ಅಂತ. ಮಾಡಬಹುದು ಅಂದರೆ ನಮ್ಮಲ್ಲಿ ಏನಾಗುತ್ತದೆ ಗೊತ್ತೇ ಇದೆ. 2025ರ ಅಕ್ಟೋಬರ್ 7ಕ್ಕೆ ಅದೇ ಡಾಕ್ಟರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆರು ತಿಂಗಳ ಗಡು ಕೊಟ್ಟು ನಿಯಮ ಮಾಡಿ ಎಂದಿತು.

ಇದನ್ನು ಓದಿ ವಿದ್ಯಾರ್ಥಿಗೆ ಖುಷಿಯೋ ಖುಷಿ. ನಾನು ಮಾತ್ರ ಸ್ವಲ್ಪ ತಣ್ಣೀರು ಎರಚಿದೆ. ಆ ವಾಕ್ಯದಲ್ಲಿ "ಪ್ರವೇಶ" ಅಂತ ಇದೆಯಲ್ಲ, ಅದು ಎರಡಲಗಿನ ಕತ್ತಿ. ಪ್ರವೇಶದ ನಿಯಮ ಅಂದರೆ ಪ್ರವೇಶ ಇಲ್ಲ ಎಂಬ ನಿಯಮವೂ ಆಗಬಹುದು. ಕೋಲ್ಕತ್ತಾದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ಇಲ್ಲ. ಅಲ್ಲಿ ಪಕ್ಕದಲ್ಲಿ ಸರ್ವೀಸ್ ರಸ್ತೆ ಇದೆ, ಸರಿ. ಚುರದಲ್ಲಿ ಪಕ್ಕದಲ್ಲಿರುವುದು ಕಮರಿ. ಆನಕ್ಕಾಂಪೊಯಿಲ್‌ನಿಂದ ಮೇಪ್ಪಾಡಿ ಕಡೆಗೆ ಬೆಟ್ಟದೊಳಗೆ ಎಂಟು ಕಿಲೋಮೀಟರಿಗೂ ಉದ್ದದ ಸುರಂಗದ ಕೆಲಸ 2025ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಅದರೊಳಗೆ ಸೈಕಲ್ ಬಿಡುವುದು ಅನುಮಾನವೇ, ಹೊಗೆಯೊಳಗೆ ಹೋಗುವುದು ಬುದ್ಧಿವಂತಿಕೆಯೂ ಅಲ್ಲ. ಹಾಗಾಗಿ ಚುರದ ಬಾಗಿಲು ಮುಚ್ಚಿದರೆ ಸೈಕಲಿನವನಿಗೆ ಬೆಟ್ಟವೇ ಮುಚ್ಚಿದ ಹಾಗೆ. ಮಾಹಿತಿ ಕೇಳಲು ಹೋಗಿ ನಿಷೇಧ ತಂದುಕೊಳ್ಳುವ ಅಪಾಯ ಇದೆ ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ, "ಹಾಗಾದರೆ ಸುಮ್ಮನಿರುವುದಾ?" ಅಂದ.

ಸುಮ್ಮನಿದ್ದರೂ ನಿಯಮ ಬರುತ್ತದೆ, ನಮ್ಮನ್ನು ಕೇಳದೆ ಬರುತ್ತದೆ. ಆದ್ದರಿಂದ ಕೇಳುವುದೇ ಲೇಸು, ಆದರೆ ಏನು ಬೇಕು ಅಂತ ಬಿಡಿಸಿ ಕೇಳಬೇಕು. ಅರ್ಜಿ ಬರೆಯುವ ಅಂತ ಕುಳಿತೆವು. ಯಾರಿಗೆ? ಕೇರಳದಲ್ಲಿ 2007ರ ಕಾಯ್ದೆಯಿಂದ ರಸ್ತೆ ಸುರಕ್ಷತಾ ಪ್ರಾಧಿಕಾರ ಇದೆ, ಜಿಲ್ಲೆಗೊಂದು ರಸ್ತೆ ಸುರಕ್ಷತಾ ಕೌನ್ಸಿಲ್ ಇದೆ, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾ ಕೌನ್ಸಿಲಿಗೆ ಮಲಯಾಳದಲ್ಲಿ ಒಂದು, ತಿರುವನಂತಪುರಕ್ಕೆ ಕನ್ನಡದಲ್ಲಿ ಒಂದು ಅಂತ ತೀರ್ಮಾನ ಮಾಡಿದೆವು. ಕನ್ನಡದಲ್ಲಿ ಯಾಕೆ ಅಂತ ಅವನ ಸ್ನೇಹಿತರು ನಕ್ಕರಂತೆ. ನಗುವುದು ಬೇಡ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾಸರಗೋಡಿನ ನಾವು ಈ ಕಾಯ್ದೆಯನ್ನು ಶಾಲೆಯ ವಿಷಯಕ್ಕೆ ಮಾತ್ರ ನೆನಪಿಸಿಕೊಳ್ಳುತ್ತೇವೆ. ರಸ್ತೆಗೂ ಅದು ಸಲ್ಲುತ್ತದೆ.

ಬರೆಯುವಾಗ ಗೊತ್ತಾಯಿತು, ಬೇಕಾದ್ದು ಬಹಳವೇನಿಲ್ಲ. ಅಡಿವಾರದಲ್ಲಿ, ಲಕ್ಕಿಡಿಯಲ್ಲಿ, ಮುತ್ತಂಗದಲ್ಲಿ ಒಂದೊಂದು ಫಲಕ. ಒಂದು ಮಡಿಕೆಯ ಹಾಳೆ, ಮಲಯಾಳ, ಕನ್ನಡ, ತಮಿಳಿನಲ್ಲಿ, ಸೈಕಲ್ ಅಂಗಡಿಗಳಲ್ಲೂ ಚಾ ಅಂಗಡಿಗಳಲ್ಲೂ ಸಿಗುವ ಹಾಗೆ. ಅದರಲ್ಲಿ ಚುರದ ಮಾತು ಚುರದವರೇ ಹೇಳಬೇಕು: ಹೇರ್‌ಪಿನ್ನಿನಲ್ಲಿ ಬಸ್ಸಿನ ಒಳಮಗ್ಗುಲಿಗೆ ನುಗ್ಗಬೇಡಿ, ಅದರ ಹಿಂದಿನ ಚಕ್ರ ಒಳಗೆ ಕೊಯ್ದುಕೊಂಡು ಬರುತ್ತದೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ, ರಿಮ್ಮು ಕಾಯುತ್ತದೆ, ಬಿಟ್ಟು ಬಿಟ್ಟು ಹಿಡಿಯಿರಿ, ಮಧ್ಯೆ ನಿಂತು ಆರಿಸಿ. ಮಂಜು ಕವಿದರೆ ಹಗಲಲ್ಲೂ ಹಿಂದಿನ ಕೆಂಪು ದೀಪ ಹಾಕಿ. ಕೆಳಗೆ ಕಾರಿನವರಿಗೂ ಒಂದು ಸಾಲು, ಏರುವವನಿಗೆ ಮೊದಲು ದಾರಿ ಬಿಡಿ ಅಂತ. ಕೊನೆಯ ಬೇಡಿಕೆ, ಹೊಸ ನಿಯಮದ ಕರಡನ್ನು ವಯನಾಡಿನಲ್ಲಿ ಓದಿ ಹೇಳಿ ಅಭಿಪ್ರಾಯ ಕೇಳಬೇಕು, ಬರೀ ಗೆಜೆಟ್ಟಿನಲ್ಲಿ ಹಾಕಿ ಮುಗಿಸಬಾರದು.

ದೊಡ್ಡವರು ಈಗ ಕಲಿಯುತ್ತಾರಾ ಅನ್ನುವವರಿಗೆ ಪುದುಕೋಟೆ ನೆನಪಿಸಬೇಕು. 1991ರ ಸುಮಾರಿಗೆ ತಮಿಳುನಾಡಿನ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅದಕ್ಕೆ ಬೆಂಬಲವಾಗಿ ನಿಂತರು. ಕೂಲಿ ಹೆಂಗಸರು, ಕಲ್ಲು ಒಡೆಯುವವರು, ಮೇಷ್ಟರಮ್ಮಂದಿರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಅಕ್ಷರ ಕಲಿಸಿದವರೇ ಪೆಡಲನ್ನೂ ಕಲಿಸಿದ್ದರು.

ಅರ್ಜಿ ನಾಲ್ಕು ಪುಟ ಆಯಿತು. "ರೈಟ್ ಆಫ್ ವೇ" ಎಂಬುದಕ್ಕೆ ಕನ್ನಡ ಹುಡುಕುತ್ತಾ ಒಂದು ಸಂಜೆಯೇ ಹೋಯಿತು. ಅಗ್ರಗಮನಾಧಿಕಾರ ಅಂತ ಒಬ್ಬ ಮಿತ್ರರು ಸೂಚಿಸಿದರು, ಅದನ್ನು ಓದುವಷ್ಟರಲ್ಲಿ ಲಾರಿ ಬಂದು ಗುದ್ದೀತು. "ಮೊದಲ ದಾರಿ" ಅಂತ ಬರೆದಿದ್ದೇನೆ. ಹೇರ್‌ಪಿನ್ನನ್ನು ಹೇರ್‌ಪಿನ್ ಅಂತಲೇ ಬಿಟ್ಟಿದ್ದೇನೆ. ಇನ್ನು ಸಹಿ ಆಗಬೇಕು. ಭಾನುವಾರ ಅವನ ಗುಂಪು ಲಕ್ಕಿಡಿಯಲ್ಲಿ ಸೇರುತ್ತದಂತೆ, ಸಂಕೋಲೆ ಮರದ ಹತ್ತಿರ.